ಬ್ಯಾಟರಿ ಹೋಗಿದೆ ಅನ್ನುವ ಮೊದಲು ಅಳೆದು ತೋರಿಸಿ

‘ಮಾವ, ಗಾಡಿ ಎಳೆಯುವುದೇ ಇಲ್ಲ. ಚಾರ್ಜು ಅರ್ಧ ಉಂಟು, ಆದರೂ ಏರಿನಲ್ಲಿ ಸೈಕಲ್ಲಿನ ಹಾಗೆ ಹೋಗ್ತದೆ.’

ಅಕ್ಕನ ಮಗ ಕೆಳಪರ್ಕಳದ ಏರಿನಿಂದ ಫೋನು ಮಾಡಿದ್ದು ಕಳೆದ ಅಕ್ಟೋಬರಿನಲ್ಲಿ. ಅವನು ಮಣಿಪಾಲದಲ್ಲಿ ಕೆಲಸಕ್ಕಿದ್ದಾನೆ. ಪೆರ್ಡೂರಿನಿಂದ ಹಿರಿಯಡ್ಕ, ಪರ್ಕಳ ದಾಟಿ ದಿನಾ ಎಲೆಕ್ಟ್ರಿಕ್ ಮೋಟರ್‌ಸೈಕಲ್ಲಿನಲ್ಲೇ ಹೋಗಿಬರುವುದು. ಒಂದು ರಾತ್ರಿ ಚಾರ್ಜಿಗೆ ಹಾಕಿದರೆ ಎರಡು ದಿನ ಓಡುತ್ತದೆ. ಮೂರು ವರ್ಷ ಯಾವ ತಕರಾರೂ ಇರಲಿಲ್ಲ. ಆ ಮಳೆಗಾಲ ಮುಗಿಯುತ್ತಿದ್ದ ಹಾಗೆ ಪಿಕಪ್ ಸೊರಗತೊಡಗಿತು. ಚಾರ್ಜು ಮಾಡಿದ ಮರುದಿನ ಕುದುರೆಯ ಹಾಗೆ ಏರು ಹತ್ತುವ ಗಾಡಿ, ಅದರ ಮಾರನೆಯ ಬೆಳಿಗ್ಗೆ ಅದೇ ಏರಿನಲ್ಲಿ ಹದಿನೈದು ಇಪ್ಪತ್ತರ ವೇಗಕ್ಕೆ ಇಳಿಯುತ್ತಿತ್ತು. ಹಿಂದೆ ಬಸ್ಸು ಹಾರನ್ ಹಾಕುತ್ತಾ ಬರುವಾಗ ಎಡಕ್ಕೆ ಸರಿದು ಐದು ನಿಮಿಷ ನಿಂತು, ಮತ್ತೆ ಹೊರಡಬೇಕು. ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ.

ಸರ್ವಿಸ್ ಸೆಂಟರಿನಲ್ಲಿ ಎರಡು ದಿನ ಇಟ್ಟುಕೊಂಡು, ಜಾಬ್ ಕಾರ್ಡಿನಲ್ಲಿ ಒಂದೇ ಸಾಲು ಬರೆದು ಕೊಟ್ಟರು: ಸೆಲ್ ವೀಕ್, ಬ್ಯಾಟರಿ ಬದಲಾಯಿಸಬೇಕು. ರೇಟು 72,000 ರೂಪಾಯಿ. ವಾರಂಟಿ ಮುಗಿದು ನಾಲ್ಕು ತಿಂಗಳಾಗಿತ್ತು. ‘ಎಷ್ಟು ವೋಲ್ಟ್ ಇತ್ತು ಅಂತ ಕೇಳಿದೆಯಾ?’ ಎಂದೆ. ಕೇಳಿದ್ದನಂತೆ. ಅದನ್ನೆಲ್ಲ ಗಿರಾಕಿಗೆ ಹೇಳುವ ಕ್ರಮ ಇಲ್ಲ ಅಂದರಂತೆ.

ಈ ಲೇಖನ ಬರೆಯಲು ಕೂತದ್ದೇ ಆ ಒಂದು ಮಾತಿಗಾಗಿ.

ನನ್ನ ಅಂಗಡಿಯ ಬೋರ್ಡಿನಲ್ಲಿ ‘ಮೋಟರ್ ವೈಂಡಿಂಗ್’ ಎಂದಷ್ಟೇ ಇದೆ. 31 ವರ್ಷದಿಂದ ಪಂಪ್‌ಸೆಟ್ಟಿನ ಮೋಟರು ಬಿಚ್ಚಿ, ಕರಕಲಾದ ತಾಮ್ರದ ತಂತಿ ತೆಗೆದು, ಹೊಸತು ಸುತ್ತಿ, ವಾರ್ನಿಶ್ ಹಾಕಿ ಕೊಡುತ್ತಾ ಬಂದಿದ್ದೇನೆ. ಬ್ಯಾಟರಿ ಗಾಡಿ ನನ್ನ ಕಸುಬಲ್ಲ. ಆದರೆ ಕರೆಂಟು ಪಂಪಿನಲ್ಲಿ ಹರಿದರೂ ಬೈಕಿನಲ್ಲಿ ಹರಿದರೂ ಅದರ ಗುಣ ಒಂದೇ. ಮಾರ್ಚ್ ಏಪ್ರಿಲಿನಲ್ಲಿ ಅಡಿಕೆ ತೋಟಕ್ಕೆ ನೀರು ಬಿಡುವ ಕಾಲದಲ್ಲಿ ನನ್ನ ಅಂಗಡಿ ಮುಂದೆ ಸುಟ್ಟ ಮೋಟರುಗಳ ಸಾಲು ಇರುತ್ತದೆ. ಅವುಗಳಲ್ಲಿ ಎಷ್ಟೋ ಮೋಟರುಗಳ ತಪ್ಪು ಏನೂ ಇರುವುದಿಲ್ಲ. ಪಂಪ್‌ಶೆಡ್ಡಿಗೆ ಹೋಗಿ ನೋಡಿದರೆ ಮೂರು ಫೇಸಿನಲ್ಲಿ ಒಂದರ ಫ್ಯೂಸ್ ಸಡಿಲ. ಹಿತ್ತಾಳೆಯ ಬಾಯಿ ನೀಲಿ ಬಣ್ಣಕ್ಕೆ ತಿರುಗಿರುತ್ತದೆ, ಪಿಂಗಾಣಿ ಕಪ್ಪಾಗಿರುತ್ತದೆ. ಆ ಒಂದು ಫೇಸು ಸೊರಗಿದ್ದರಿಂದ ಉಳಿದೆರಡು ಫೇಸಿನ ಮೇಲೆ ಹೊರೆ ಬಿದ್ದು ಮೋಟರು ಸುಟ್ಟಿರುತ್ತದೆ. ಫ್ಯೂಸ್ ಸರಿ ಮಾಡದೆ ಮೋಟರು ಮಾತ್ರ ಸುತ್ತಿಕೊಟ್ಟರೆ ಅದು ಇನ್ನೊಮ್ಮೆ ಸುಟ್ಟು ಬರುತ್ತದೆ. ನಾನು ಕಸುಬು ಕಲಿತ ಗುರುಗಳು, ಶೆಡ್ಡು ನೋಡದೆ ಮೋಟರಿಗೆ ಕೈ ಹಾಕಲು ನನ್ನನ್ನು ಬಿಡುತ್ತಿರಲಿಲ್ಲ.

ಅಳಿಯನ ಗಾಡಿಯ ಲಕ್ಷಣ ಕೇಳಿದಾಗಲೇ ನನಗೆ ಆ ಫ್ಯೂಸು ನೆನಪಾಯಿತು. ಪೂರ್ತಿ ಚಾರ್ಜಿನಲ್ಲಿ ಸರಿ, ಅರ್ಧದಲ್ಲಿ ತಕರಾರು. ಇಳಿಜಾರಿನಲ್ಲಿ ಸರಿ, ಏರಿನಲ್ಲಿ ತಕರಾರು. ಅಂದರೆ ಹೆಚ್ಚು ಕರೆಂಟು ಹರಿಯುವಾಗ ಎಲ್ಲೋ ವೋಲ್ಟೇಜ್ ಸೋರಿಹೋಗುತ್ತಿದೆ.

ತೋಟಕ್ಕೆ ನೀರು ಬಿಡುವವರಿಗೆ ಇದು ಸುಲಭದಲ್ಲಿ ಅರ್ಥವಾದೀತು. ಟ್ಯಾಂಕಿನಿಂದ ಬಂದ ಪೈಪಿನ ತುದಿಯ ನಲ್ಲಿ ಮುಚ್ಚಿದ್ದರೆ ಪೈಪಿನ ಉದ್ದಕ್ಕೂ ಒತ್ತಡ ಒಂದೇ. ನಡುವೆ ಎಲ್ಲಾದರೂ ಕಸ ಕಟ್ಟಿದ್ದರೂ ಗೊತ್ತಾಗುವುದಿಲ್ಲ. ನಲ್ಲಿ ತೆರೆದು ನೀರು ಹರಿಯತೊಡಗಿದಾಗ ಮಾತ್ರ ಕಸ ಕಟ್ಟಿದ ಜಾಗದ ಆಚೆ ಒತ್ತಡ ಬೀಳುತ್ತದೆ. ಬ್ಯಾಟರಿಯೂ ಹಾಗೆ. ನಿಂತ ಗಾಡಿಗೆ ಮೀಟರು ಹಿಡಿದರೆ ಹಾಳಾದ ಜೋಡಣೆಯೂ ಸರಿ ಕಾಣುತ್ತದೆ, ಸೋತ ಸೆಲ್ಲೂ ಸರಿ ಕಾಣುತ್ತದೆ. ಗಾಡಿ ಹೊರೆ ಎಳೆಯುತ್ತಿರುವಾಗಲೇ ಅಳೆಯಬೇಕು.

ಒಂದು ಭಾನುವಾರ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡೆವು. ಬೆರಳಿನ ಉಂಗುರ, ಕೈಗಡಿಯಾರ ತೆಗೆದಿಟ್ಟು, ಮೇನ್ ಸ್ವಿಚ್ ಆಫ್ ಮಾಡಿ, ಮೋಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರಿನೊಳಗಿನ ಕೆಪಾಸಿಟರ್ ಖಾಲಿಯಾಗಲು ಸ್ವಲ್ಪ ಹೊತ್ತು ಕಾದೆ. 60 ವೋಲ್ಟಿಗಿಂತ ಹೆಚ್ಚಿನ ಡಿ.ಸಿ.ಯನ್ನು ಅಪಾಯಕಾರಿ ಎಂದೇ ಲೆಕ್ಕ ಹಿಡಿಯುತ್ತಾರೆ. ಈ ಗಾಡಿ 72 ವೋಲ್ಟಿನದು. ಒಳಗೆ 20 ಸಾಲು ಸೆಲ್‌ಗಳಿವೆ, ಪೂರ್ತಿ ಚಾರ್ಜಾದಾಗ ಸೆಲ್ಲೊಂದಕ್ಕೆ 4.2ರಂತೆ 84 ವೋಲ್ಟಿಗೆ ಏರುತ್ತದೆ. ಬ್ಯಾಟರಿ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಪೆಟ್ಟಿಗೆಯ ಬಾಯಲ್ಲಿ ಒಂದು ಜೋಡಿ ತಂತಿ, ಕಂಟ್ರೋಲರಿನ ಎರಡು ಸ್ಕ್ರೂಗಳಲ್ಲಿ ಇನ್ನೊಂದು ಜೋಡಿ ತಂತಿ, ಎಲ್ಲಕ್ಕೂ ಸಣ್ಣ ಫ್ಯೂಸು ಹಾಕಿ ಟೇಪು ಸುತ್ತಿ, ಎರಡು ಮೀಟರಿಗೆ ಜೋಡಿಸಿದೆ. ಡಿ.ಸಿ. ಅಳೆಯುವ ಕ್ಲಾಂಪ್ ಮೀಟರನ್ನು ಸೋಲಾರ್ ಕೆಲಸ ಮಾಡುವ ಗೆಳೆಯನಿಂದ ತಂದಿದ್ದೆ. ಅಳಿಯ ಗಾಡಿ ಬಿಟ್ಟ. ನಾನು ಹಿಂದೆ ಕೂತು ಮೀಟರು ನೋಡುತ್ತಾ ಹೋದೆ. ನಮ್ಮ ಮನೆಯ ಹಿಂದಿನ ಗುಡ್ಡದ ರಸ್ತೆಯಲ್ಲಿ ಆ ಹೊತ್ತಿಗೆ ಬೇರೆ ಗಾಡಿ ಇರಲಿಲ್ಲ.

ನಿಂತಿರುವಾಗ ಎರಡೂ ಮೀಟರಿನಲ್ಲಿ 74. ಏರು ಶುರುವಾಗಿ ಕರೆಂಟು 60 ಆಂಪಿಯರಿಗೆ ಬಂದಾಗ ಬ್ಯಾಟರಿಯ ಬಾಯಲ್ಲಿ 69. ಅರ್ಧ ಚಾರ್ಜಿನಲ್ಲಿರುವ ಮೂರು ವರ್ಷದ ಬ್ಯಾಟರಿ ಇಬ್ಬರನ್ನು ಹೊತ್ತು ಏರು ಹತ್ತುವಾಗ ಅಷ್ಟು ಬೀಳುವುದು ಸಹಜ. ಆದರೆ ಕಂಟ್ರೋಲರಿನ ಮೀಟರು 63 ತೋರಿಸುತ್ತಿತ್ತು. ಒಂದು ಮಾರು ಉದ್ದವೂ ಇಲ್ಲದ ತಂತಿಯಲ್ಲಿ ಆರು ವೋಲ್ಟು ಕಾಣೆ. 64ರ ಕೆಳಗೆ ಬಂದ ಕೂಡಲೇ ‘ಬ್ಯಾಟರಿ ಖಾಲಿಯಾಗುತ್ತಿದೆ’ ಎಂದು ಕಂಟ್ರೋಲರು ತಿಳಿದುಕೊಂಡು, ಬ್ಯಾಟರಿ ಉಳಿಸಲೆಂದು ಪಿಕಪ್ ತಗ್ಗಿಸುತ್ತಿತ್ತು. ಪೂರ್ತಿ ಚಾರ್ಜಿನ ದಿನ 82ರಿಂದ ಶುರುವಾಗುವುದರಿಂದ ಅದೇ ಆರು ವೋಲ್ಟು ಹೋದರೂ 70ರ ಮೇಲೆ ಉಳಿಯುತ್ತಿತ್ತು. ತಕರಾರು ಆ ದಿನ ತಲೆ ಎತ್ತದಿರಲು ಕಾರಣ ಅದು.

ಮತ್ತೆ ಸ್ವಿಚ್ ಆಫ್ ಮಾಡಿ ಬ್ಯಾಟರಿಗೂ ಕಂಟ್ರೋಲರಿಗೂ ನಡುವಿನ ಕನೆಕ್ಟರ್ ಬಿಚ್ಚಿದೆ. ದಪ್ಪ ತಂತಿ ಲಗ್ಗಿಗೆ, ಅಂದರೆ ತುದಿಗೆ ಒತ್ತಿ ಕೂರಿಸುವ ಲೋಹದ ತೊಡುಗೆಗೆ, ಕೂಡುವ ಜಾಗದಲ್ಲಿ ಹಸಿರು ಕಿಲುಬು. ಪಿನ್ನಿನ ಸುತ್ತ ಪ್ಲಾಸ್ಟಿಕ್ಕು ಕಾಫಿ ಬಣ್ಣಕ್ಕೆ ತಿರುಗಿ ಒಂದು ಕಡೆ ಕರಗಿ ಬಾಗಿತ್ತು. ತಂತಿಯನ್ನು ಬೆರಳಲ್ಲಿ ಸ್ವಲ್ಪ ತಿರುಗಿಸಿದರೆ ಲಗ್ಗಿನೊಳಗೆ ಅದು ಅಲುಗಾಡುತ್ತಿತ್ತು. ಆರು ವೋಲ್ಟು, 60 ಆಂಪಿಯರು: ಗುಣಿಸಿದರೆ 360 ವಾಟು. ಮನೆಯ ಇಸ್ತ್ರಿ ಪೆಟ್ಟಿಗೆಯ ಅರ್ಧದಷ್ಟು ಕಾವು ಬೆರಳ ತುದಿಯಷ್ಟು ಜಾಗದಲ್ಲಿ ಹುಟ್ಟುತ್ತಿತ್ತು. ಏರಿನ ಒಂದೆರಡು ನಿಮಿಷ ಮಾತ್ರ ಅಷ್ಟು ಕರೆಂಟು ಹರಿಯುತ್ತಿದ್ದುದರಿಂದ ಬೆಂಕಿ ಹತ್ತಿರಲಿಲ್ಲ. ಲಗ್ಗು ಮೊದಲೇ ಸರಿಯಾಗಿ ಒತ್ತಿರಲಿಲ್ಲ. ರಸ್ತೆಯ ಹೊಂಡಗಳಲ್ಲಿ ಅದುರಿ ಸಡಿಲವಾಗಿದೆ, ನಮ್ಮ ಮಳೆಯ ನೀರು ಹೊಕ್ಕಿದೆ, ಕಿಲುಬು ಕಟ್ಟಿದೆ, ಕಿಲುಬಿನಿಂದ ಕಾವು, ಕಾವಿನಿಂದ ಪಿನ್ನಿನ ಹಿಡಿತ ಇನ್ನೂ ಸಡಿಲ. ಒಮ್ಮೆ ಶುರುವಾದರೆ ಅದು ತಾನಾಗಿ ನಿಲ್ಲುವುದಿಲ್ಲ.

ಈ ಸ್ಥಿತಿಯಲ್ಲಿ 72,000 ಕೊಟ್ಟು ಹೊಸ ಬ್ಯಾಟರಿ ತಂದು ಅದೇ ಕನೆಕ್ಟರಿಗೆ ಸಿಕ್ಕಿಸಿದ್ದರೆ? ಹೊಸ ಬ್ಯಾಟರಿ ಒಂದೆರಡು ವೋಲ್ಟು ಕಡಿಮೆ ಬೀಳುತ್ತಿತ್ತು, ಆದ್ದರಿಂದ ಗಾಡಿ ಕೆಲವು ತಿಂಗಳು ಚೆನ್ನಾಗಿಯೇ ಓಡುತ್ತಿತ್ತು. ಗುಣವಾಯಿತು ಎಂದು ಎಲ್ಲರೂ ನಂಬುತ್ತಿದ್ದರು. ಅಷ್ಟರಲ್ಲಿ ಕರಗುತ್ತಿದ್ದ ಪ್ಲಾಸ್ಟಿಕ್ಕು ಸೀಟಿನ ಕೆಳಗೆ ಕೂತೇ ಇರುತ್ತಿತ್ತು. ದುಡ್ಡು ಹೋಗುವುದಕ್ಕಿಂತ ನನಗೆ ಭಯವಾದದ್ದು ಇದಕ್ಕೆ. ಆ ಸೀಟಿನ ಮೇಲೆ ಕೂರುವುದು ನನ್ನ ಅಕ್ಕನ ಮಗ.

ಹಾಗೆಂದು ಬ್ಯಾಟರಿ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಳಿಯನ ಗಾಡಿ ಸರಿಯಾದ ಸುದ್ದಿ ಕೇಳಿ ಹೆಬ್ರಿ ಕಡೆಯ ಒಬ್ಬ ಅಂಗನವಾಡಿ ಟೀಚರು ತಮ್ಮ ಸ್ಕೂಟರು ತಂದರು. ‘ಅಣ್ಣ, ನನ್ನದಕ್ಕೂ ಕನೆಕ್ಟರ್ ಹಾಕಿಕೊಡಿ’ ಎಂದರು. ಅವರ ಗಾಡಿಯ ಬ್ಯಾಟರಿಯ ಒಳಗಿನ ಲೆಕ್ಕ ಫೋನಿನ ಆ್ಯಪಿನಲ್ಲಿ ಕಾಣುತ್ತಿತ್ತು. ಅದು ಇನ್ನೊಂದು ಜಾತಿಯ ಲಿಥಿಯಂ, ಸೆಲ್ಲಿಗೆ 3.2 ವೋಲ್ಟಿನದು, 16 ಸಾಲು. ನಿಂತಾಗ ಹದಿನಾರೂ 3.3ರ ಹತ್ತಿರ, ಒಂದಕ್ಕೊಂದು ಅಂತರವೇ ಇಲ್ಲದ ಹಾಗೆ. ಏರಿನಲ್ಲಿ ಹದಿನೈದು ಸೆಲ್‌ಗಳು 3.1ರಲ್ಲಿ ನಿಂತವು, 11ನೆಯದು ಮಾತ್ರ 2.6ಕ್ಕೆ ಕುಸಿಯಿತು. ಆ ಒಂದು ಸೆಲ್ಲು ಪೂರ್ತಿ ಖಾಲಿಯಾಗದಂತೆ ಕಾಯಲೆಂದು ಬ್ಯಾಟರಿಯ ಒಳಗಿನ ಬಿ.ಎಂ.ಎಸ್. ಎಂಬ ಕಾವಲು ಬೋರ್ಡು ಇಡೀ ಗಾಡಿಯನ್ನು ನಿಲ್ಲಿಸುತ್ತಿತ್ತು. ‘ಟೀಚರೇ, ನಿಮ್ಮದು ನಿಜವಾಗಿ ಬ್ಯಾಟರಿಯದ್ದೇ ತಕರಾರು, ನಾನು ಮುಟ್ಟುವುದಿಲ್ಲ’ ಎಂದೆ. ಫೋನಿನಲ್ಲಿ ಕಂಡದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಟ್ಟೆ. ವಾರಂಟಿ ಇತ್ತು. ಅವರ ಸೆಂಟರಿನವರು ಕಾಗದ ನೋಡಿ, ಲ್ಯಾಪ್‌ಟಾಪು ಸಿಕ್ಕಿಸಿ, 11ನೆಯ ಸೆಲ್ಲನ್ನೇ ಕಂಡು, ವಾದ ಮಾಡದೆ ಬ್ಯಾಟರಿ ಬದಲಾಯಿಸಿಕೊಟ್ಟರು.

ಎರಡು ಗಾಡಿ, ಹೊರಗಿನಿಂದ ನೋಡಿದರೆ ಒಂದೇ ಕಾಯಿಲೆ. ಒಂದರಲ್ಲಿ ಲೆಕ್ಕ ಕಣ್ಣಿಗೆ ಕಾಣುತ್ತಿತ್ತು, ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಇನ್ನೊಂದರಲ್ಲಿ ಲೆಕ್ಕವನ್ನು ಕಂಪೆನಿ ಬೀಗ ಹಾಕಿ ಇಟ್ಟುಕೊಂಡಿತ್ತು, ಎರಡು ದಿನ ಇಟ್ಟುಕೊಂಡೂ ತಪ್ಪು ತೀರ್ಮಾನ ಬಂತು. ಆ ಬೀಗ ತೆಗೆಯಬೇಕು ಎಂಬುದು ನನ್ನ ವಾದ.

ಪಿಕಪ್ ಹೋಗಲು ಇನ್ನೂ ಎಷ್ಟೋ ಸಣ್ಣ ಕಾರಣಗಳಿವೆ, ಗಾಡಿ ಇರುವವರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ಮೊದಲು ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿ. ಮಳೆಗಾಲದ ನಂತರ ಬ್ರೇಕು ತುಕ್ಕು ಹಿಡಿದು ಉಜ್ಜುತ್ತಿದ್ದರೆ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ. ಟಯರಿನ ಗಾಳಿ ನೋಡಿ. ಬ್ರೇಕು ಹಿಡಿದಾಗ ಮೋಟರಿನ ಕರೆಂಟು ನಿಲ್ಲಿಸಲು ಹ್ಯಾಂಡಲಿನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದರೊಳಗೆ ನೀರು ಹೋಗಿದ್ದರೆ ಬ್ರೇಕು ಬಿಟ್ಟರೂ ಗಾಡಿಗೆ ಗೊತ್ತಾಗುವುದಿಲ್ಲ. ಬ್ರೇಕು ಬಿಟ್ಟ ಮೇಲೂ ಹಿಂದಿನ ಬ್ರೇಕ್ ದೀಪ ಉರಿಯುತ್ತಿದ್ದರೆ ಅನುಮಾನವೇ ಬೇಡ. ಯಾವಾಗಲೂ ಮುಕ್ಕಾಲು ಚಾರ್ಜಿಗೇ ತೆಗೆಯುವವರು ಆಗೊಮ್ಮೆ ಈಗೊಮ್ಮೆ ಪೂರ್ತಿ ನೂರಕ್ಕೆ ಬಿಡಿ. ಸಾಮಾನ್ಯವಾಗಿ ಬಿ.ಎಂ.ಎಸ್. ಎಲ್ಲ ಸೆಲ್‌ಗಳನ್ನು ಒಂದೇ ಮಟ್ಟಕ್ಕೆ ತರುವುದು ಆ ಕೊನೆಯ ಹೊತ್ತಿನಲ್ಲಿ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವು ಹತ್ತುವಾಗ ಗಾಡಿ ನಿಧಾನವಾದರೆ ಗಾಬರಿ ಬೇಡ. ಮೋಟರೋ ಕಂಟ್ರೋಲರೋ ಬಿಸಿಯಾಗಿ ತನ್ನನ್ನು ತಾನು ಕಾಯ್ದುಕೊಳ್ಳುತ್ತಿರುತ್ತದೆ. ತಣಿಯಲು ಬಿಟ್ಟರೆ ಸರಿಯಾಗುತ್ತದೆ. ಇನ್ನು ವಾಟರ್ ಸರ್ವಿಸಿನ ಪೈಪನ್ನು ಸೀಟಿನ ಕೆಳಗೆ ಹಿಡಿಯಲು ದಯವಿಟ್ಟು ಯಾರಿಗೂ ಬಿಡಬೇಡಿ. ಬ್ಯಾಟರಿ ಪೆಟ್ಟಿಗೆ ಐ.ಪಿ. 67 ಎಂದು ಬರೆದಿರುತ್ತಾರೆ. ಒಂದು ಮೀಟರು ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗದು ಎಂದು ಅದರ ಅರ್ಥ. ಆ ಮಾತು ಪೆಟ್ಟಿಗೆಗೆ ಅನ್ವಯ, ಹೊರಗಿನ ಮೂರು ವರ್ಷ ಹಳೆಯ ಕನೆಕ್ಟರಿಗೆ ಅಲ್ಲ.

ಇವೆಲ್ಲ ನೋಡಿಯೂ ತಕರಾರು ಉಳಿದರೆ ಅಲ್ಲಿಂದ ಮುಂದಕ್ಕೆ ಅಳೆಯಬೇಕು. ಅಳೆಯುವವರಿಗೆ ಬೇಕಾದ ವಿಷಯ ಸಿಗಬೇಕು. ತೊಂದರೆ ಬರುವುದು ಇಲ್ಲಿ. ಗಾಡಿಯ ಸ್ಕ್ರೀನಿನಲ್ಲಿ ಬರುವ ಎರರ್ ನಂಬರಿಗೆ ಏನು ಅರ್ಥ ಎಂದು ಪುಸ್ತಕದಲ್ಲಿ ಇಲ್ಲ, ‘ಸರ್ವಿಸ್ ಸೆಂಟರನ್ನು ಸಂಪರ್ಕಿಸಿ’ ಎಂದಷ್ಟೇ ಇದೆ. ವೈರಿಂಗಿನ ಡ್ರಾಯಿಂಗ್ ಇಲ್ಲ. ಕಂಟ್ರೋಲರು ಎಷ್ಟು ವೋಲ್ಟಿಗೆ ಪಿಕಪ್ ತಗ್ಗಿಸುತ್ತದೆ ಎಂಬ 64ರ ಲೆಕ್ಕವನ್ನು ನಾನು ಗುಡ್ಡದ ರಸ್ತೆಯಲ್ಲಿ ನಾಲ್ಕು ಸಲ ಹೋಗಿಬಂದು ಕಂಡುಕೊಳ್ಳಬೇಕಾಯಿತು. ಸೀಮೆಎಣ್ಣೆ ಪಂಪಿಗೂ, ಪೆಟ್ರೋಲು ಬೈಕಿಗೂ ಪಾರ್ಟ್ ಪುಸ್ತಕ ಸಿಗುತ್ತಿದ್ದ ಕಾಲದಲ್ಲಿ ಕಸುಬು ಕಲಿತವನಿಗೆ ಇದು ನುಂಗಲಾರದ ಮಾತು.

ಎಲೆಕ್ಟ್ರಿಕ್ ಗಾಡಿಗಳ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದದ್ದಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಕಾರು ಬಂತು. 2017ರಲ್ಲಿ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಏಥರ್ ಸ್ಕೂಟರು 2018ರಲ್ಲಿ, ಅಲ್ಟ್ರಾವಯೊಲೆಟ್ ಕಂಪೆನಿಯ ಎಫ್77 ಮೋಟರ್‌ಸೈಕಲ್ 2022ರಲ್ಲಿ ಅದೇ ಊರಿನಿಂದ ಹೊರಬಂದವು. ನಮ್ಮ ಪೆರ್ಡೂರಿನ ದೇವಸ್ಥಾನದಲ್ಲಿ ಸಂಕ್ರಮಣದ ದಿನ ಅನಂತಪದ್ಮನಾಭನಿಗೆ ಬಾಳೆಹಣ್ಣು ಒಪ್ಪಿಸಲು ಬರುವವರ ಗಾಡಿಗಳ ಸಾಲಿನಲ್ಲಿ ಹಸಿರು ನಂಬರ್ ಪ್ಲೇಟು ಈಗ ಅಪರೂಪವಲ್ಲ. ಗಾಡಿ ಪೆರ್ಡೂರಿಗೆ ಬಂದಿದೆ. ಅದನ್ನು ನೋಡಿಕೊಳ್ಳುವ ವಿದ್ಯೆ ಮಾತ್ರ ಬೆಂಗಳೂರಿನ ಸರ್ವರಿನಲ್ಲಿ ಕೂತಿದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್ 24ರಂದು ಅದಕ್ಕಾಗಿ ಪೋರ್ಟಲ್ ಕೂಡ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆ ಬಳಕೆಯ ಸಾಮಾನುಗಳ ಜೊತೆ ವಾಹನಗಳೂ ಆ ಪಟ್ಟಿಯಲ್ಲಿವೆ. ಆದರೆ ಇಷ್ಟವಿದ್ದ ಕಂಪೆನಿ ಇಷ್ಟವಿದ್ದಷ್ಟು ವಿಷಯ ಹಾಕುವ ಪೋರ್ಟಲಿನಿಂದ ನನ್ನ ಕೈಗೆ ವೈರಿಂಗ್ ಡ್ರಾಯಿಂಗ್ ಬರುವುದಿಲ್ಲ. ಕೊಡಲೇಬೇಕೆಂದು ಕಾನೂನಾಗಬೇಕು.

ಹೀಗೆ ಹೇಳಿದರೆ ಕಂಪೆನಿಯವರ ಕಡೆಯ ಮಾತು ಏನೆಂದು ನನಗೆ ಗೊತ್ತಿದೆ, ಅದರಲ್ಲಿ ಹುರುಳೂ ಇದೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಬಿತ್ತು, ಜೀವಗಳೂ ಹೋದವು. ಆಮೇಲೆ ಬ್ಯಾಟರಿಯ ಸುರಕ್ಷತೆಯ ನಿಯಮಗಳನ್ನು ಬಿಗಿ ಮಾಡಿ, 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31, ಹೀಗೆ ಎರಡು ಹಂತದಲ್ಲಿ ಜಾರಿಗೆ ತಂದರು. ಅರ್ಧಂಬರ್ಧ ಗೊತ್ತಿದ್ದವರು ಲಿಥಿಯಂ ಪೆಟ್ಟಿಗೆ ಬಿಚ್ಚಿ, ಎಲ್ಲಿಂದಲೋ ತಂದ ಸೆಲ್ಲು ತುರುಕುವುದು ಅನಾಹುತದ ಕೆಲಸ. ನಾನೂ ಪೆಟ್ಟಿಗೆ ಬಿಚ್ಚುವುದಿಲ್ಲ, ಬಿಚ್ಚಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಾನು ಕೇಳುತ್ತಿರುವುದು ಪೆಟ್ಟಿಗೆಯ ಕೀಲಿಯನ್ನಲ್ಲ, ಅದರೊಳಗಿನ ಲೆಕ್ಕವನ್ನು. ನಮ್ಮ ಲೆಕ್ಕ ನಮಗೆ ಕಂಡರೆ ಯಾವ ಸೆಲ್ಲಿಗೂ ಬೆಂಕಿ ಹತ್ತುವುದಿಲ್ಲ. ಕರಗುತ್ತಿದ್ದ ಕನೆಕ್ಟರು ಸಿಕ್ಕಿದ್ದು ಅಳೆದದ್ದರಿಂದ, ಬ್ಯಾಟರಿ ಬದಲಾಯಿಸಿ ಎಂದ ಜಾಬ್ ಕಾರ್ಡಿನಿಂದ ಅಲ್ಲ.

ಬ್ಯಾಟರಿ ಬದಲಾಯಿಸಬೇಕು ಎಂದು ಯಾವ ಸೆಂಟರೇ ಹೇಳಲಿ, ಜಾಬ್ ಕಾರ್ಡಿನಲ್ಲಿ ನಾಲ್ಕು ಅಂಕೆ ಬರೆದು ಸಹಿ ಹಾಕಿ ಕೊಡಬೇಕು: ನಿಂತಾಗ ಎಷ್ಟು ವೋಲ್ಟು, ಹೊರೆಯಲ್ಲಿ ಎಷ್ಟು, ಹೊರೆಯಲ್ಲಿ ಅತಿ ಹೆಚ್ಚಿನ ಸೆಲ್ಲು ಎಷ್ಟು, ಅತಿ ಕಡಿಮೆಯದು ಎಷ್ಟು. ರಕ್ತ ಪರೀಕ್ಷೆಯ ಚೀಟಿ ಕೊಡದೆ ಆಪರೇಷನ್ ಮಾಡಿ ಎಂದರೆ ಯಾರಾದರೂ ಒಪ್ಪುತ್ತಾರೆಯೇ? ಗಾಡಿಯ ಒಳಗೆ ಈ ಅಂಕೆಗಳು ಈಗಲೂ ಇವೆ, ಬಿ.ಎಂ.ಎಸ್. ಕ್ಷಣಕ್ಷಣವೂ ಅಳೆಯುತ್ತಲೇ ಇದೆ. ಅದನ್ನು ಸ್ಕ್ರೀನಿಗೆ ತರಲು ಹೊಸ ಯಂತ್ರ ಬೇಕಿಲ್ಲ. ಹಾಗೆಯೇ ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ಕಲಿಯುವ ಮಕ್ಕಳಿಗೆ ಡಿ.ಸಿ. ಕ್ಲಾಂಪ್ ಮೀಟರು ಹಿಡಿದು ಹೊರೆಯಲ್ಲಿ ಅಳೆಯುವುದನ್ನೂ, ದಪ್ಪ ತಂತಿಗೆ ಲಗ್ಗು ಸರಿಯಾಗಿ ಒತ್ತುವುದನ್ನೂ ಕಲಿಸಬೇಕು. ಅಳಿಯನ ಗಾಡಿಯ ಮುಖ್ಯ ತಪ್ಪು ಸರಿಯಾಗಿ ಒತ್ತದ ಒಂದು ಲಗ್ಗು. ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿದ ಲಗ್ಗಿಗೂ ಇಕ್ಕಳದಲ್ಲಿ ಒತ್ತಿದ ಲಗ್ಗಿಗೂ ಇರುವ ವ್ಯತ್ಯಾಸ ಕಲಿಸಲು ಒಂದು ಮಧ್ಯಾಹ್ನ ಸಾಕು.

ಇಲ್ಲದಿದ್ದರೆ ಸತ್ತಿಲ್ಲದ ಬ್ಯಾಟರಿಗಳನ್ನು ಸತ್ತವೆಂದು ಬದಿಗೆ ಹಾಕುತ್ತಾ ಹೋಗುತ್ತೇವೆ. ಬಳಸಿದ ಬ್ಯಾಟರಿಯನ್ನು ತಯಾರಕರೇ ಹಿಂದಕ್ಕೆ ಪಡೆದು ಸಂಸ್ಕರಿಸಬೇಕು ಎಂದು 2022ರ ಆಗಸ್ಟಿನಲ್ಲಿ ನಿಯಮ ಬಂದಿದೆ, ಒಳ್ಳೆಯದೇ. ಆದರೆ ಇನ್ನೂ ಐದು ವರ್ಷ ಬಾಳಬಹುದಾದ್ದನ್ನು ಅಲ್ಲಿಗೆ ಕಳಿಸಬಾರದು. ಸಾಲ ಮಾಡಿ ಗಾಡಿ ಕೊಂಡ ಹುಡುಗರು ಕಂತು ಮುಗಿಯುವ ಮೊದಲೇ ಇನ್ನೊಂದು ಸಾಲಕ್ಕೆ ಬೀಳುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ಹಾಗೆ ಬಿದ್ದವರು ಮತ್ತೆ ಪೆಟ್ರೋಲಿಗೇ ಹೋಗುತ್ತಾರೆ, ನಾಲ್ಕು ಜನರಿಗೆ ಬೇಡ ಎಂದೂ ಹೇಳುತ್ತಾರೆ.

ಅಳಿಯನ ಗಾಡಿಗೆ ತವರ ಲೇಪಿಸಿದ ಹೊಸ ಲಗ್ಗು, ಹೊಸ ಕನೆಕ್ಟರು ಹಾಕಿ, ನೀರು ಹೋಗದ ಹಾಗೆ ಗ್ರೀಸು ತುಂಬಿ, ತಂತಿಯನ್ನು ಅದುರದಂತೆ ಕಟ್ಟಿದೆ. ಸಾಮಾನಿಗೆ 640 ರೂಪಾಯಿ ಆಯಿತು. ಅದೇ ಗುಡ್ಡದ ರಸ್ತೆ, ಅದೇ ಅರ್ಧ ಚಾರ್ಜು, ಅದೇ ಇಬ್ಬರು. ಬ್ಯಾಟರಿಯಿಂದ ಕಂಟ್ರೋಲರಿಗೆ ಹೋಗುವಷ್ಟರಲ್ಲಿ ಬಿದ್ದದ್ದು 0.3 ವೋಲ್ಟು. ಈ ಜೂನಿನಲ್ಲಿ ಮಳೆ ಹಿಡಿದು ಹದಿನೈದು ದಿನ ಕಳೆದ ಮೇಲೆ ಮತ್ತೆ ಅಳೆದೆ, ಆಗಲೂ 0.3. ಎರಡೂ ಸಲದ ಅಂಕೆ, ತಾರೀಕು, ಎಷ್ಟು ಆಂಪಿಯರಿನಲ್ಲಿ ಅಳೆದದ್ದು ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಸೀಟಿನ ಅಡಿಗೆ ಅಂಟಿಸಿದ್ದೇನೆ. ಮುಂದೆ ಯಾವ ಊರಿನ ಯಾವ ಮೆಕ್ಯಾನಿಕ್ಕು ಆ ಸೀಟು ಎತ್ತಿದರೂ ಮೊದಲು ಕಣ್ಣಿಗೆ ಬೀಳುವುದು ಆ ಕಾಗದ.